ಕ್ಯಾಡಿಲಾಕ್ ಮೇಲಾ, ಲಿಂಕನ್ ಮೇಲಾ? ಹಿಂದಿನ ಸೀಟಲ್ಲಿ ಕೂತಿದ್ದವರನ್ನ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಮೆಟ್ರೋದಲ್ಲಿ ಕಂಬ ಹಿಡಿದು ನಿಂತು ಕೇಳ್ತಿದ್ದೀರೋ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಸಿಗ್ನಲ್‌ನಲ್ಲೇ ಇದ್ದರೆ ಒಂದು ಕೆಲಸ ಮಾಡಿ. ಅಕ್ಕಪಕ್ಕ ಎಲ್ಲಾದರೂ ಒಂದು ಸ್ವಿಫ್ಟ್ ಕಾರು ನಿಂತಿರುತ್ತೆ, ನೋಡಿ. ಅದರ ಉದ್ದ ನಾಲ್ಕು ಮೀಟರಿಗೂ ಕಡಿಮೆ. ಈಗ ಅದರ ಹಿಂದೆ ಇನ್ನೊಂದು ಅರ್ಧ ಸ್ವಿಫ್ಟನ್ನ ಮನಸ್ಸಿನಲ್ಲೇ ಅಂಟಿಸಿ. ಆಯ್ತಾ? 1959ರ ಕ್ಯಾಡಿಲಾಕ್ ಹತ್ತಿರ ಹತ್ತಿರ ಅಷ್ಟುದ್ದ ಇತ್ತು. 225 ಇಂಚು, ಅಂದರೆ 5.7 ಮೀಟರ್. ಅದೂ ಲಾರಿಯಲ್ಲ, ವ್ಯಾನ್ ಅಲ್ಲ, ಮನೆಮಂದಿ ಓಡಾಡೋ ಕಾರು.

ಇವತ್ತಿನ ಮಾತು ಇಂಥ ಕಾರುಗಳದ್ದೇ. ಅಮೆರಿಕದ ಹಳೇ ಐಷಾರಾಮಿ ಕಾರುಗಳು, ಮುಖ್ಯವಾಗಿ ಕ್ಯಾಡಿಲಾಕ್ ಮತ್ತು ಲಿಂಕನ್. ನಮ್ಮಲ್ಲಿ ರಾಜ್‌ಕುಮಾರ್–ವಿಷ್ಣುವರ್ಧನ್ ಅಭಿಮಾನಿಗಳ ವಾದ ಇತ್ತಲ್ಲ, ಅಲ್ಲಿ ಈ ಎರಡು ಕಾರುಗಳದ್ದು ಹಾಗೆ. ಅರವತ್ತು ವರ್ಷ ಆದರೂ ಮುಗಿದಿಲ್ಲ.

ನನಗೆ ಇದರ ಹುಚ್ಚು ಹತ್ತಿದ್ದು ಅಕ್ಕನ ಮನೆಗೆ ಹೋಗಿದ್ದಾಗ. ಅಕ್ಕ–ಭಾವ ಇರೋದು ಡೆಟ್ರಾಯಿಟ್ ಪಕ್ಕದ ಟ್ರಾಯ್ ಊರಲ್ಲಿ. ಆ ಸುತ್ತಮುತ್ತ ವಾಹನ ಉದ್ಯಮದಲ್ಲಿ ಕೆಲಸ ಮಾಡೋ ಕನ್ನಡಿಗರು ಬೇಕಾದಷ್ಟಿದ್ದಾರೆ, ನಮ್ಮ ಭಾವನೂ ಅವರಲ್ಲೊಬ್ಬರು. ಆಗಸ್ಟ್ ತಿಂಗಳ ಮೂರನೇ ಶನಿವಾರ ಬೆಳಿಗ್ಗೆ ಭಾವ ಎಬ್ಬಿಸಿ, “ಬಾರೋ, ನಮ್ಮೂರ ತೇರು ತೋರಿಸ್ತೀನಿ” ಅಂದರು. ಕರ್ಕೊಂಡು ಹೋಗಿದ್ದು ವುಡ್‌ವರ್ಡ್ ಅವೆನ್ಯೂಗೆ.

ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಅದರ ಹೆಸರು. 1995ರಲ್ಲಿ ಫರ್ಂಡೇಲ್ ಅನ್ನೋ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸೋಕೆ ಶುರುಮಾಡಿದ್ದು. ಈಗ ಫರ್ಂಡೇಲ್‌ನಿಂದ ಪಾಂಟಿಯಾಕ್‌ವರೆಗೆ ರಸ್ತೆ ತುಂಬ ಹಳೇ ಕಾರು. ಅವು ಮೆರವಣಿಗೆ ಹೋಗ್ತಾ ಇದ್ದರೆ, ಪಕ್ಕದಲ್ಲಿ ಜನ ಮಡಚೋ ಕುರ್ಚಿ ಹಾಕ್ಕೊಂಡು, ಐಸ್ ಡಬ್ಬ ಇಟ್ಕೊಂಡು ಕೂತಿರ್ತಾರೆ. ತೇರೇ ಅದು, ಭಾವ ಸುಳ್ಳು ಹೇಳಿರಲಿಲ್ಲ.

ನಾನು ಫೋನ್ ರೆಕಾರ್ಡರ್ ಆನ್ ಮಾಡಿಕೊಂಡು, ಕಾರು ನಿಲ್ಲಿಸಿಕೊಂಡು ಕೂತಿದ್ದವರ ಹತ್ತಿರ ಒಂದೇ ಪ್ರಶ್ನೆ ಕೇಳ್ತಾ ಹೋದೆ: ಕ್ಯಾಡಿಲಾಕ್ ಮೇಲಾ, ಲಿಂಕನ್ ಮೇಲಾ?

ಈ ಉಪಾಯ ನನ್ನದಲ್ಲ ಬಿಡಿ. ಪ್ಯಾಕರ್ಡ್ ಅಂತ ಇನ್ನೊಂದು ದೊಡ್ಡ ಬ್ರ್ಯಾಂಡ್ ಇತ್ತು, 1899ರಲ್ಲಿ ಶುರುವಾಗಿದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅವರ ಜಾಹೀರಾತಿನ ಘೋಷಣೆ ಏನು ಗೊತ್ತಾ? ನಮ್ಮ ಕಾರು ಹೇಗಿದೆ ಅಂತ ನಮ್ಮನ್ನ ಕೇಳಬೇಡಿ, ಇಟ್ಟುಕೊಂಡವರನ್ನೇ ಕೇಳಿ ಅನ್ನೋ ಅರ್ಥದ್ದು. ಮೊಬೈಲ್ ತಗೊಳ್ಳೋ ಮುಂಚೆ ನಾವು ರಿವ್ಯೂ ಓದ್ತೀವಲ್ಲ, ಅದೇ ಬುದ್ಧಿ. ಪ್ಯಾಕರ್ಡ್ 1950ರ ದಶಕದ ಕೊನೆಗೆ ಮುಚ್ಚಿಹೋಯ್ತು, ಉಪಾಯ ಮಾತ್ರ ಉಳಿದಿದೆ. ಆದರೆ ಅದರಲ್ಲಿ ಒಂದು ತೊಡಕಿದೆ. ಅದನ್ನ ಮುಂದೆ ಹೇಳ್ತೀನಿ.

ಒಬ್ಬನೇ ಅಪ್ಪ, ಎರಡು ಮಕ್ಕಳು

ಜಗಳ ಆಡೋ ಈ ಎರಡು ಬ್ರ್ಯಾಂಡುಗಳನ್ನ ಹುಟ್ಟಿಸಿದ್ದು ಒಬ್ಬನೇ ಮನುಷ್ಯ. ಹೆನ್ರಿ ಲೀಲ್ಯಾಂಡ್. ಬಂದೂಕು ತಯಾರಿಸೋ ಕಾರ್ಖಾನೆಗಳಲ್ಲಿ ಪಳಗಿದ ಕುಶಲಕರ್ಮಿ, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಒಪ್ಪದ ಆಸಾಮಿ.

1902ರಲ್ಲಿ ಹೆನ್ರಿ ಫೋರ್ಡ್ ತನ್ನ ಹೂಡಿಕೆದಾರರ ಜೊತೆ ಮನಸ್ತಾಪ ಮಾಡಿಕೊಂಡು ತನ್ನದೇ ಹೆಸರಿನ ಕಂಪನಿ ಬಿಟ್ಟು ಹೊರಟ. ಉಳಿದ ಯಂತ್ರಗಳಿಗೆ ಬೆಲೆ ಕಟ್ಟಿಕೊಡಿ, ಮಾರಿ ಕೈತೊಳ್ಕೋತೀವಿ ಅಂತ ಹೂಡಿಕೆದಾರರು ಲೀಲ್ಯಾಂಡ್‌ನನ್ನ ಕರೆಸಿದರು. ಆತ, “ಮಾರಬೇಡಿ, ನನ್ನ ಹತ್ತಿರ ಒಂದು ಒಳ್ಳೇ ಎಂಜಿನ್ ಇದೆ, ಇದೇ ಜಾಗದಲ್ಲಿ ಕಾರು ಮಾಡೋಣ” ಅಂದ. ಹಾಗೆ ಹುಟ್ಟಿದ್ದು ಕ್ಯಾಡಿಲಾಕ್. 1701ರಲ್ಲಿ ಡೆಟ್ರಾಯಿಟ್ ಊರನ್ನ ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯ ಹೆಸರದು.

1908ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪರೀಕ್ಷೆ ನಡೀತು. ಮೂರು ಕ್ಯಾಡಿಲಾಕ್ ಕಾರುಗಳನ್ನ ನಟ್ಟು ಬೋಲ್ಟು ಸಮೇತ ಬಿಚ್ಚಿ, ಎಲ್ಲಾ ಭಾಗಗಳನ್ನ ಒಂದೇ ರಾಶಿ ಮಾಡಿ ಕಲಸಿ, ಆ ರಾಶಿಯಿಂದಲೇ ಮತ್ತೆ ಮೂರು ಕಾರು ಜೋಡಿಸಿದರು. ಮೂರೂ ಓಡಿದವು. ಇವತ್ತು ಇದರಲ್ಲೇನು ವಿಶೇಷ ಅನ್ನಿಸಬಹುದು. ಆ ಕಾಲದಲ್ಲಿ ಒಂದು ಕಾರಿನ ಭಾಗ ಅದೇ ಕಂಪನಿಯ ಇನ್ನೊಂದು ಕಾರಿಗೆ ಕೂರಬೇಕಾದರೆ ಅರ ಹಾಕಿ ಉಜ್ಜಬೇಕಿತ್ತು. ಆ ಸಾಧನೆಗೆ ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ಸಿಕ್ಕಿತು. 1912ರ ಮಾದರಿಯಲ್ಲಿ ವಿದ್ಯುತ್ ಸ್ಟಾರ್ಟರ್ ಬಂತು. ಅಲ್ಲಿವರೆಗೆ ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು, ಹ್ಯಾಂಡಲ್ ತಿರುಗಿ ಒದ್ದರೆ ಕೈ ಮೂಳೆನೇ ಮುರೀತಿತ್ತು.

ಅಷ್ಟರಲ್ಲಿ ಜನರಲ್ ಮೋಟರ್ಸ್ ಕ್ಯಾಡಿಲಾಕ್ ಅನ್ನ ಕೊಂಡಾಗಿತ್ತು. ಲೀಲ್ಯಾಂಡ್ ಹೊರಬಂದು 1917ರಲ್ಲಿ ಯುದ್ಧ ವಿಮಾನದ ಎಂಜಿನ್ ತಯಾರಿಸೋಕೆ ಹೊಸ ಕಂಪನಿ ಕಟ್ಟಿದ. ತಾನು ಯುವಕನಾಗಿದ್ದಾಗ ಮತ ಹಾಕಿದ್ದ ಅಧ್ಯಕ್ಷನ ಹೆಸರಿಟ್ಟ: ಲಿಂಕನ್. ಯುದ್ಧ ಮುಗಿದ ಮೇಲೆ ಕಾರಿಗೆ ಇಳಿದ, ಸಾಲದಲ್ಲಿ ಮುಳುಗಿದ. 1922ರಲ್ಲಿ ಕಂಪನಿ ಹರಾಜಿಗೆ ಬಂದಾಗ 80 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದು ಯಾರು? ಅದೇ ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ಲೀಲ್ಯಾಂಡ್ ಮತ್ತವನ ಮಗ ಅಲ್ಲಿಂದಲೂ ಹೊರಗೆ. ಇಪ್ಪತ್ತು ವರ್ಷದ ಹಿಂದೆ ಫೋರ್ಡ್ ಬಿಟ್ಟುಹೋದ ಜಾಗದಲ್ಲಿ ಈತ ಕ್ಯಾಡಿಲಾಕ್ ಕಟ್ಟಿದ್ದ. ಈಗ ಈತ ಕಟ್ಟಿದ ಮನೆಗೆ ಫೋರ್ಡ್ ಯಜಮಾನ. ಧಾರಾವಾಹಿಗೆ ಏನೂ ಕಡಿಮೆ ಇಲ್ಲ, ಅಲ್ವಾ?

ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಗೆರೆ

ಈಗ ನೇರ ಹೋಲಿಕೆಗೆ ಬರೋಣ. ವುಡ್‌ವರ್ಡ್‌ನಲ್ಲಿ ಜನ ಹೆಚ್ಚು ಸುತ್ತುವರಿದಿದ್ದು ಎರಡು ಕಾರುಗಳನ್ನ: 1959ರ ಕ್ಯಾಡಿಲಾಕ್, ಮತ್ತು 1961ರಿಂದ ಬಂದ ಲಿಂಕನ್ ಕಾಂಟಿನೆಂಟಲ್.

ಕ್ಯಾಡಿಲಾಕ್ ಗುರುತು ಅಂದರೆ ಹಿಂಬದಿಯ ರೆಕ್ಕೆ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್, ಎರಡನೇ ಮಹಾಯುದ್ಧದ ಪಿ–38 ವಿಮಾನದ ಬಾಲ ನೋಡಿ ಮರುಳಾಗಿದ್ದ. 1948ರಲ್ಲಿ ಸಣ್ಣ ಮೊಗ್ಗಿನ ಹಾಗೆ ಕಾಣಿಸಿಕೊಂಡ ರೆಕ್ಕೆ ಬೆಳೀತಾ ಬೆಳೀತಾ 1959ಕ್ಕೆ ಚೂಪಾಗಿ ಮೇಲೆದ್ದು ನಿಂತಿತು. ಒಂದೊಂದು ರೆಕ್ಕೆಯ ನಡುವೆ ಗುಂಡಿನಾಕಾರದ ಎರಡೆರಡು ಕೆಂಪು ದೀಪ. ಒಳಗೆ 6.4 ಲೀಟರಿನ ವಿ8 ಎಂಜಿನ್, 325 ಅಶ್ವಶಕ್ತಿ. ರೆಕ್ಕೆಯಿಂದ ಕಾರು ಜೋರಾಗಿ ಓಡುತ್ತಾ? ಇಲ್ಲ. ಆದರೆ ಜೆಟ್ ವಿಮಾನ, ರಾಕೆಟ್ ಅಂತ ಇಡೀ ದೇಶವೇ ಆಕಾಶ ನೋಡ್ತಿದ್ದ ಕಾಲ ಅದು. ಜನಕ್ಕೆ ಮನೆ ಮುಂದೆ ನಿಲ್ಲಿಸೋಕೆ ಒಂದು ರಾಕೆಟ್ ಬೇಕಿತ್ತು.

ಲಿಂಕನ್ ಅದಕ್ಕೆ ಪೂರ್ತಿ ಉಲ್ಟಾ. 1958ರಲ್ಲಿ ಅವರೂ ಕ್ಯಾಡಿಲಾಕ್‌ಗೆ ಸೆಡ್ಡು ಹೊಡೆಯೋಕೆ 229 ಇಂಚಿನ ದೈತ್ಯ ಮಾಡಿ ದುಡ್ಡು ಕಳ್ಕೊಂಡಿದ್ದರು. ಬ್ರ್ಯಾಂಡ್ ಮುಚ್ಚಿಬಿಡೋಣ ಅನ್ನೋ ಮಾತೂ ಬಂದಿತ್ತು. ಆಗ ಫೋರ್ಡ್‌ನಲ್ಲಿದ್ದ ರಾಬರ್ಟ್ ಮೆಕ್‌ನಮಾರ, ಅದೇ ಮುಂದೆ ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿ, ವಿನ್ಯಾಸಕ ಎಲ್ವುಡ್ ಎಂಗಲ್ ಮಾಡಿಟ್ಟಿದ್ದ ಒಂದು ಮಣ್ಣಿನ ಮಾದರಿ ನೋಡಿದ. ಅದು ಥಂಡರ್‌ಬರ್ಡ್ ಅನ್ನೋ ಬೇರೆ ಕಾರಿಗೆ ಅಂತ ಮಾಡಿದ್ದು. ಇದಕ್ಕೆ ನಾಲ್ಕು ಬಾಗಿಲು ಇಡೋಕಾಗುತ್ತಾ ಅಂತ ಕೇಳಿದ. ಅದೇ 1961ರ ಕಾಂಟಿನೆಂಟಲ್ ಆಯ್ತು. ರೆಕ್ಕೆ ಇಲ್ಲ, ಅಲಂಕಾರ ಕಡಿಮೆ, ಮೂತಿಯಿಂದ ಬಾಲದವರೆಗೆ ಒಂದೇ ನೇರ ಗೆರೆ. ಹಿಂದಿನದಕ್ಕಿಂತ ಒಂದು ಅಡಿಗೂ ಹೆಚ್ಚು ಗಿಡ್ಡ. ಎಂಜಿನ್ ಮಾತ್ರ ಇನ್ನೂ ದೊಡ್ಡದು, 7 ಲೀಟರ್. ಎರಡು ವರ್ಷ ಅಥವಾ 24 ಸಾವಿರ ಮೈಲಿ ವಾರಂಟಿ, ಆ ಕಾಲಕ್ಕೆ ಅದು ದೊಡ್ಡ ಮಾತು. ಪ್ರತಿ ಕಾರನ್ನೂ ರಸ್ತೆಯಲ್ಲಿ ಓಡಿಸಿ ನೋಡಿಯೇ ಹೊರಗೆ ಬಿಡ್ತಿದ್ದರು.

ಮಾರಾಟದಲ್ಲಿ ಗೆದ್ದಿದ್ದು ಯಾರು ಅಂದರೆ ಕ್ಯಾಡಿಲಾಕೇ. 1961ರಲ್ಲಿ ಸುಮಾರು 1 ಲಕ್ಷ 38 ಸಾವಿರ ಕ್ಯಾಡಿಲಾಕ್ ತಯಾರಾದರೆ, ಕಾಂಟಿನೆಂಟಲ್ ಸುಮಾರು 25 ಸಾವಿರ. ಒಂದು ಕಾಂಟಿನೆಂಟಲ್ ಮಾತ್ರ ಇಡೀ ಜಗತ್ತಿಗೆ ನೆನಪಿದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದಾಗ ಕೂತಿದ್ದು ಅದರಲ್ಲೇ. ಆ ಕಾರನ್ನ ಗುಜರಿಗೆ ಹಾಕಲಿಲ್ಲ. ಗುಂಡು ನಿರೋಧಕ ಮಾಡಿ, ಮೇಲೆ ಮುಚ್ಚಿಗೆ ಹಾಕಿ, 1977ರವರೆಗೂ ಮುಂದಿನ ಅಧ್ಯಕ್ಷರುಗಳಿಗೆ ಬಳಸಿದರು! ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಗೋಡೆ ಒಡೆದ ಅಪ್ಪ, ಹಿಂದೆ ಕೂತ ಅಜ್ಜಿ

ಸರಿ, ಮಾಲೀಕರು ಏನಂದರು?

ತೆಳು ನೀಲಿ 1959ರ ಕ್ಯಾಡಿಲಾಕ್ ಪಕ್ಕ ಕೂತಿದ್ದ ಯಜಮಾನರನ್ನ ಕೇಳಿದೆ. ಎಂಜಿನ್ ಬಗ್ಗೆ ಹೇಳ್ತಾರೆ ಅಂದುಕೊಂಡರೆ, ಹೇಳಿದ್ದು ಗ್ಯಾರೇಜ್ ಕಥೆ. ಅವರಪ್ಪ ಕಾರ್ಖಾನೆ ಕೆಲಸಗಾರ, ಸೆಕೆಂಡ್‌ಹ್ಯಾಂಡ್ ಕ್ಯಾಡಿಲಾಕ್ ತಂದರಂತೆ. ಮನೆ 1920ರ ದಶಕದ್ದು, ಗ್ಯಾರೇಜೂ ಆಗಿನದೇ. ಕಾರು ಒಳಗೆ ಹೋಯ್ತು, ಬಾಗಿಲು ಮುಚ್ಚಲಿಲ್ಲ. ಅಪ್ಪ ಒಂದು ಭಾನುವಾರ ಸುತ್ತಿಗೆ ತಗೊಂಡು ಗ್ಯಾರೇಜಿನ ಹಿಂದಿನ ಗೋಡೆಯಲ್ಲಿ ಬಂಪರ್ ಕೂರೋವಷ್ಟು ಗೂಡು ಕೊರೆದರಂತೆ. “ಅಮ್ಮ ಒಂದು ವಾರ ಮಾತಾಡಲಿಲ್ಲ. ಆಮೇಲೆ ಚರ್ಚ್‌ಗೆ ಅದರಲ್ಲೇ ಹೋದರು.” ಹೇಳಿ ನಕ್ಕರು. ಆಮೇಲೆ, “ಒಳಗೆ ಒಂಚೂರೂ ಸದ್ದಿರಲಿಲ್ಲ, ಗೊತ್ತಾ? ಹತ್ತಿದ ಐದು ನಿಮಿಷಕ್ಕೆ ನಿದ್ದೆ” ಅಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ತಲೆ ಎತ್ತದೇ ಹೇಳಿದರು: “ಆಗ ಇವರಿಗೆ ಆರು ವರ್ಷ. ಆರು ವರ್ಷದ ಹುಡುಗನಿಗೆ ಯಾವ ಕಾರಲ್ಲಾದರೂ ನಿದ್ದೆ ಬರುತ್ತೆ.”

ಲಿಂಕನ್ ಜೊತೆ ನಿಂತಿದ್ದ ಒಬ್ಬ ಮಹಿಳೆ ಹೇಳಿದ್ದು ಬಾಗಿಲ ಬಗ್ಗೆ. ಕಾಂಟಿನೆಂಟಲ್‌ನ ಹಿಂಬಾಗಿಲಿನ ಕೀಲು ಹಿಂದುಗಡೆ ಇರುತ್ತೆ. ಹಾಗಾಗಿ ಮುಂದಿನ ಬಾಗಿಲು, ಹಿಂದಿನ ಬಾಗಿಲು ಬೀರುವಿನ ಎರಡು ಕದದ ಹಾಗೆ ಎದುರುಬದುರಾಗಿ ತೆರೀತವೆ. ಚಲಿಸೋವಾಗ ಇಂಥ ಬಾಗಿಲು ಅಕಸ್ಮಾತ್ ಬಿಟ್ಟುಕೊಂಡರೆ ಗಾಳಿ ಅದನ್ನ ಪೂರ್ತಿ ಎಳೆದು ತೆಗೆದುಬಿಡುತ್ತೆ. ಅದಕ್ಕೇ ಇದಕ್ಕೆ ‘ಆತ್ಮಹತ್ಯೆ ಬಾಗಿಲು’ ಅನ್ನೋ ಅಡ್ಡಹೆಸರು. ಹಾಗಾದರೆ ಯಾಕೆ ಇಟ್ಟರು? ಕಾರು ಗಿಡ್ಡ ಮಾಡಿದ್ದರಿಂದ ಹಿಂದೆ ಹತ್ತಿ ಇಳಿಯೋವಾಗ ಕಾಲು ಬಾಗಿಲಿಗೆ ತಗಲ್ತಿತ್ತು, ಕೀಲು ತಿರುಗಿಸಿದರೆ ದಾರಿ ಸಲೀಸು. ಈ ಮಹಿಳೆಯ ಅಜ್ಜಿಗೆ ಮಂಡಿ ನೋವು. ಬಾಗಿಲು ತೆಗೆದು, ಸೀಟಿಗೆ ಬೆನ್ನು ಕೊಟ್ಟು ಕೂತು, ಕಾಲು ಒಳಗೆ ಎಳ್ಕೊಂಡರೆ ಆಯ್ತು. ಹಾಗಾಗಿ ಅಜ್ಜಿ ಯಾವಾಗಲೂ ಹಿಂದೆ, ಅಜ್ಜ ಮುಂದೆ ಡ್ರೈವರ್ ಥರ. “ಬೀದಿಯವರೆಲ್ಲಾ ನಗ್ತಿದ್ದರು. ಅಜ್ಜ ಬೇಕಂತಲೇ ಇಳಿದು ಬಂದು ಬಾಗಿಲು ತೆಗೆದು ಸಲಾಮು ಹೊಡೀತಿದ್ದರು.”

ನೋಡಿ, ಇಬ್ಬರೂ ನನ್ನ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ.

ಹಾಗೆ ತೇಲ್ತಿದ್ದದ್ದು ಯಾಕೆ?

ಅವತ್ತು ಎಲ್ಲರ ಬಾಯಲ್ಲೂ ಬಂದ ಮಾತು ಒಂದೇ: ದೋಣಿಯಲ್ಲಿ ತೇಲಿದ ಹಾಗೆ ಇತ್ತು. ಇದು ಬರೀ ಭ್ರಮೆ ಅಲ್ಲ, ಕಾರಣ ಇದೆ. ಭಾವನ ಹತ್ತಿರ ಕೂತು ಅರ್ಥ ಮಾಡಿಕೊಂಡಿದ್ದನ್ನ ಸರಳವಾಗಿ ಹೇಳ್ತೀನಿ.

ಮೊದಲನೇದು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ. ಹಂಪ್ ಬಂದಾಗ ಮೊದಲು ಮೂತಿ ಏಳುತ್ತೆ, ಆಮೇಲೆ ಬಾಲ. ಚಕ್ರಗಳು ಹತ್ತಿರ ಇದ್ದಷ್ಟೂ ತೊಟ್ಟಿಲ ಹಾಗೆ ಎತ್ತಿ ಹಾಕುತ್ತೆ. ಸ್ವಿಫ್ಟ್‌ನಲ್ಲಿ ಈ ದೂರ 2.45 ಮೀಟರ್. 1959ರ ಕ್ಯಾಡಿಲಾಕ್‌ನಲ್ಲಿ 3.3 ಮೀಟರ್.

ಎರಡನೇದು, ಮೆತ್ತನೆಯ ಸ್ಪ್ರಿಂಗ್ ಮತ್ತು ತೂಕ. ಎರಡು ಟನ್ನಿಗೂ ಮೀರಿದ ಮೈ, ಅದರ ಕೆಳಗೆ ಬೇಗ ಬಗ್ಗೋ ಸ್ಪ್ರಿಂಗ್. ಗುಂಡಿಯ ಪೆಟ್ಟನ್ನ ಸ್ಪ್ರಿಂಗ್ ನುಂಗುತ್ತೆ, ಮೈ ನಿಧಾನಕ್ಕೆ ಒಮ್ಮೆ ಏಳುತ್ತೆ, ಒಮ್ಮೆ ಇಳಿಯುತ್ತೆ.

ಮೂರನೇದು, ಕ್ಯಾಡಿಲಾಕ್‌ನಲ್ಲಿ ಕಾರಿನ ಮೈಯೇ ಬೇರೆ, ಕೆಳಗಿನ ಉಕ್ಕಿನ ಚೌಕಟ್ಟೇ ಬೇರೆ. ನಡುವೆ ರಬ್ಬರ್ ದಿಂಡು. ರಸ್ತೆಯ ಗಡಗಡ ಆ ರಬ್ಬರ್‌ನಲ್ಲೇ ಸಾಯುತ್ತೆ. 1961ರ ಲಿಂಕನ್ ಈ ದಾರಿ ಹಿಡೀಲಿಲ್ಲ. ಮೈ, ಚೌಕಟ್ಟು ಎರಡನ್ನೂ ಒಂದೇ ಗಟ್ಟಿ ಪೆಟ್ಟಿಗೆಯ ಹಾಗೆ ಬೆಸೆದರು. ಅದಕ್ಕೇ ಲಿಂಕನ್ ಕಡೆಯವರು ‘ಗಟ್ಟಿ’ ಅಂತಾರೆ, ಕ್ಯಾಡಿಲಾಕ್ ಕಡೆಯವರು ‘ಮೆತ್ತಗೆ’ ಅಂತಾರೆ. ಇಬ್ಬರೂ ಹೇಳೋದು ನಿಜಾನೇ.

ಈಗ ಇದಕ್ಕೆ ತೆತ್ತ ಬೆಲೆ ಕೇಳಿ. ಮೆತ್ತನೆ ಸ್ಪ್ರಿಂಗ್ ಇದ್ದರೆ ತಿರುವಿನಲ್ಲಿ ಕಾರು ಒಂದು ಕಡೆ ವಾಲುತ್ತೆ. ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಒತ್ತಿ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗ್ತಾ ಹೋಗುತ್ತೆ. ಲಿಂಕನ್‌ಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದಿದ್ದು 1965ರಲ್ಲಿ. ಸೀಟ್ ಬೆಲ್ಟ್ ಕಡ್ಡಾಯ ಆಗಿದ್ದು 1968ರಲ್ಲಿ. ಅಂದರೆ, ಹಿಂದಿನ ಸೀಟಲ್ಲಿ ಮಲಗಿ ಹಾಯಾಗಿ ನಿದ್ದೆ ಮಾಡಿದೆ ಅಂತ ಎಲ್ಲರೂ ನೆನೆಸಿಕೊಳ್ತಾರಲ್ಲ, ಆ ಮಗುವಿಗೆ ಬೆಲ್ಟೇ ಇರಲಿಲ್ಲ. ಇವತ್ತು ಅದೇ ದೃಶ್ಯ ನೋಡಿದರೆ ನಮಗೆ ಎದೆ ಝಲ್ ಅನ್ನುತ್ತೆ.

ಡಿಕ್ಕಿಯಲ್ಲಿದ್ದ ಟೋಪಿ

ಮಧ್ಯಾಹ್ನ ಬಿಸಿಲು ಏರಿತ್ತು. ಮರದ ನೆರಳಲ್ಲಿ ಒಂದು ಬಿಳಿ ಕ್ಯಾಡಿಲಾಕ್, 1962ರದ್ದು. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಆಫ್ರಿಕನ್–ಅಮೆರಿಕನ್ ಅಮ್ಮ. ನನ್ನ ಪ್ರಶ್ನೆ ಕೇಳಿ, “ನಮ್ಮನೇಲಿ ಆ ಪ್ರಶ್ನೆಯೇ ಇರಲಿಲ್ಲಪ್ಪಾ. ಕ್ಯಾಡಿಲಾಕೇ” ಅಂದರು. ಯಾಕೆ ಅಂದೆ. ಎದ್ದು ಹೋಗಿ ಡಿಕ್ಕಿ ತೆಗೆದು ಒಂದು ಟೋಪಿ ತಂದರು. ಕಪ್ಪು ಬಣ್ಣದ, ಮುಂದೆ ಚುಂಚು ಇರೋ ಡ್ರೈವರ್ ಟೋಪಿ.

ಅವರಪ್ಪ ಡೆಟ್ರಾಯಿಟ್‌ನಲ್ಲಿ ಕ್ಷೌರದಂಗಡಿ ಇಟ್ಟಿದ್ದರು. ಊರು ದಕ್ಷಿಣದ ಅಲಬಾಮಾ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪ್ರತಿ ಬೇಸಿಗೆಗೆ ಅಜ್ಜಿ ಮನೆಗೆ ಪ್ರಯಾಣ. ಆಗ ದಾರಿಯಲ್ಲಿ ಹೆಚ್ಚಿನ ಹೋಟೆಲ್, ಮೋಟೆಲ್‌ಗಳು ಕಪ್ಪು ಜನರಿಗೆ ರೂಮು ಕೊಡ್ತಿರಲಿಲ್ಲ. ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಶೌಚಾಲಯಕ್ಕೂ ಬಿಡ್ತಿರಲಿಲ್ಲ. ಎಲ್ಲಿ ತಂಗಬಹುದು, ಎಲ್ಲಿ ಊಟ ಸಿಗುತ್ತೆ ಅಂತ ತಿಳಿಸೋಕೆ ವಿಕ್ಟರ್ ಹ್ಯೂಗೊ ಗ್ರೀನ್ ಅನ್ನೋ ಅಂಚೆ ನೌಕರ 1936ರಿಂದ ‘ಗ್ರೀನ್ ಬುಕ್’ ಅನ್ನೋ ಕೈಪಿಡಿ ಹೊರತರ್ತಿದ್ದ. ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತೆ.

“ಅಮ್ಮ ಬುತ್ತಿ ಕಟ್ಟೋರು. ರಾತ್ರಿ ರಸ್ತೆ ಬದಿ ನಿಲ್ಲಿಸಿ ಕಾರಲ್ಲೇ ಮಲಗ್ತಿದ್ವಿ. ಹಿಂದಿನ ಸೀಟು ನಮಗೆ ಮೂವರು ಮಕ್ಕಳಿಗೆ ಹಾಸಿಗೆ. ಅಪ್ಪ ದೊಡ್ಡ ಕಾರು ತಗೊಂಡಿದ್ದು ಶೋಕಿಗೆ ಅಂತ ಜನ ಅಂದುಕೊಂಡರು. ನಮಗೆ ಅದು ಲಾಡ್ಜು.”

ಟೋಪಿ? “ದಕ್ಷಿಣದಲ್ಲಿ ಕಪ್ಪು ಮನುಷ್ಯ ಹೊಸ ಕ್ಯಾಡಿಲಾಕ್ ಓಡಿಸ್ತಿದ್ದರೆ ಪೊಲೀಸರು ಹಿಡಿದು ನಿಲ್ಲಿಸೋರು. ಆಗ ಅಪ್ಪ ಈ ಟೋಪಿ ಹಾಕ್ಕೊಂಡು, ಕಾರು ನಮ್ಮ ಧಣಿಯದು, ನಾನು ಡ್ರೈವರ್ ಅಂತಿದ್ದರು. ತಾನು ದುಡಿದು ತಗೊಂಡ ಕಾರನ್ನ ತನ್ನದಲ್ಲ ಅನ್ನಬೇಕು. ಹಿಂದೆ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂತಿರ್ತಿದ್ವಿ.”

ಇದು ಅವರೊಬ್ಬರ ಮನೆಯ ಕಥೆಯಲ್ಲ. ಆ ಕಾಲದಲ್ಲಿ ಎಷ್ಟೋ ಕಪ್ಪು ಕಾರು ಮಾಲೀಕರು ಇಂಥ ಟೋಪಿ ಜೊತೆಗಿಟ್ಟುಕೊಂಡು ಓಡಾಡ್ತಿದ್ದರು ಅನ್ನೋದು ದಾಖಲಾಗಿದೆ. ಕಾರು ಕೊಳ್ಳೋದೂ ಸುಲಭ ಇರಲಿಲ್ಲ. 1930ರ ದಶಕದ ಶುರುವಿನಲ್ಲಿ ಕಪ್ಪು ಜನರಿಗೆ ಕಾರು ಮಾರಬಾರದು ಅನ್ನೋ ನೀತಿಯೇ ಕ್ಯಾಡಿಲಾಕ್‌ನಲ್ಲಿತ್ತು. ಆದರೂ ಸರ್ವಿಸ್ ಸ್ಟೇಷನ್‌ಗಳಿಗೆ ಅವರ ಕಾರುಗಳು ಬರ್ತಿದ್ದವು. ಹೇಗೆ? ಬಿಳಿಯನೊಬ್ಬನಿಗೆ ಮೇಲೆ ದುಡ್ಡು ಕೊಟ್ಟು, ಅವನ ಕೈಲಿ ಕೊಳ್ಳಿಸ್ತಿದ್ದರು. ಸರ್ವಿಸ್ ವಿಭಾಗದ ನಿಕೋಲಸ್ ಡ್ರೇಸ್ಟಾಟ್ ಅನ್ನೋ ಅಧಿಕಾರಿ ಇದನ್ನ ಗಮನಿಸಿ, ಆ ಲಾಭ ಮಧ್ಯವರ್ತಿಗೆ ಯಾಕೆ, ನಾವೇ ನೇರ ಮಾರೋಣ ಅಂತ ಮೇಲಿನವರನ್ನ ಒಪ್ಪಿಸಿದ. ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಈ ಪ್ರಸಂಗ ಬರೆದಿಟ್ಟಿದ್ದಾರೆ. ಮಹಾಕುಸಿತದ ಆ ದಿನಗಳಲ್ಲಿ ಕ್ಯಾಡಿಲಾಕ್ ಚೇತರಿಸಿಕೊಳ್ಳೋಕೆ ಅದು ನೆರವಾಯ್ತಂತೆ. 1949ರಲ್ಲಿ ‘ಎಬೊನಿ’ ಪತ್ರಿಕೆ ನಮ್ಮವರು ಕ್ಯಾಡಿಲಾಕ್ ಯಾಕೆ ಕೊಳ್ತಾರೆ ಅಂತ ಸಂಪಾದಕೀಯವನ್ನೇ ಬರೀತು. ಒಳ್ಳೇ ಬೀದಿಯಲ್ಲಿ ಮನೆ ಕೊಡದ ಊರಲ್ಲಿ, ದುಡಿದ ದುಡ್ಡಿಗೆ ತಕ್ಕ ಮರ್ಯಾದೆ ತೋರಿಸೋಕೆ ಉಳಿದಿದ್ದ ದಾರಿಗಳಲ್ಲಿ ಇದೂ ಒಂದು.

ನಮಗಿದು ಪೂರ್ತಿ ಪರದೇಶದ ಕಥೆ ಅನ್ನಿಸಬೇಕಾಗಿಲ್ಲ. ಮೇಲ್ಜಾತಿಯವರ ಬೀದಿ ಬಂದಾಗ ಸ್ವಂತ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿದ್ದವರ ಮಾತು ನಮ್ಮ ಹಳ್ಳಿಗಳಲ್ಲೂ ಕೇಳಿದ್ದೀವಿ.

ಹೊರಡೋ ಮುಂಚೆ ಆ ಅಮ್ಮ ಇನ್ನೊಂದು ಮಾತು ಹೇಳಿದರು. “ಪ್ರತಿ ಪ್ರಯಾಣದಲ್ಲೂ ಅಪ್ಪ ಟೋಪಿ ಹಾಕಿದ್ದು ನನಗೆ ನೆನಪು. ನಮ್ಮಣ್ಣ ಹೇಳ್ತಾನೆ, ಹಾಕಿದ್ದು ಒಂದೇ ಸಲ ಅಂತ. ಕಾರೂ ಅಪ್ಪನದಲ್ಲ, ಅದು ಎಂದೋ ಹೋಯ್ತು. ಇದು ಅದೇ ಬಣ್ಣದ್ದು ಹುಡುಕಿ ತಗೊಂಡಿದ್ದು. ಟೋಪಿ ಮಾತ್ರ ಅಪ್ಪಂದೇ.”

ನೆನಪು ಸೋಸೋ ಜರಡಿ

ಶುರುವಿನಲ್ಲಿ ಒಂದು ತೊಡಕು ಅಂದಿದ್ದೆನಲ್ಲ, ಅದು ಇದೇ. ಇಟ್ಟುಕೊಂಡವರನ್ನ ಕೇಳಿದರೆ ಕಾರಿನ ಬಗ್ಗೆ ನಿಜ ಗೊತ್ತಾಗುತ್ತೆ ಅಂತೇನಿಲ್ಲ. ನಮ್ಮ ಕಿವಿಗೆ ಬೀಳೋ ಮುಂಚೆ ನೆನಪು ಮೂರು ಜರಡಿ ದಾಟಿ ಬಂದಿರುತ್ತೆ.

ಮೊದಲ ಜರಡಿ, ಉಳಿದ ಕಾರುಗಳದ್ದು. ಕೆಟ್ಟ ಕಾರುಗಳು ಎಂದೋ ಗುಜರಿಗೆ ಹೋಗಿ ಕರಗಿವೆ. ಮೇಳಕ್ಕೆ ಬರೋದು ಬದುಕುಳಿದವು, ಅದೂ ಹೊಸದಾಗಿ ಬಣ್ಣ ಹೊಡೆಸಿಕೊಂಡು. ಅವನ್ನ ನೋಡಿ ‘ಆಗಿನ ಕಾರುಗಳೇ ಗಟ್ಟಿ’ ಅಂದುಬಿಡ್ತೀವಿ. 1981ರ ಕ್ಯಾಡಿಲಾಕ್‌ನ ಉದಾಹರಣೆ ತಗೊಳ್ಳಿ. ಪೆಟ್ರೋಲ್ ಉಳಿಸೋಕೆ ಎಂಟು ಸಿಲಿಂಡರ್‌ಗಳಲ್ಲಿ ಎರಡನ್ನೋ ನಾಲ್ಕನ್ನೋ ತಾನೇ ಆಫ್ ಮಾಡೋ ಎಂಜಿನ್ ತಂದರು. ಐಡಿಯಾ ಚೆನ್ನಾಗಿತ್ತು, ಆಗಿನ ಕಂಪ್ಯೂಟರ್‌ಗೆ ಅಷ್ಟು ವೇಗ ಇರಲಿಲ್ಲ. ಕಾರು ಮುಗ್ಗರಿಸ್ತಿತ್ತು. ಎಷ್ಟೋ ಜನ ಆ ವ್ಯವಸ್ಥೆಯ ವೈರನ್ನೇ ಕೀಳಿಸಿದರು. ಆ ಕಾರಿನ ಸವಿನೆನಪು ಹೇಳೋರು ನನಗೆ ಒಬ್ಬರೂ ಸಿಗಲಿಲ್ಲ.

ಎರಡನೇ ಜರಡಿ, ವಯಸ್ಸಿನದು. ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಉಳಿದವುಗಳಿಗಿಂತ ಹೆಚ್ಚು ಗಟ್ಟಿಯಾಗಿ ಉಳೀತವೆ ಅಂತ ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಆ ವಯಸ್ಸಲ್ಲಿ ಮನೆಗೆ ಬಂದ ಕಾರು ಜೀವನದ ಅತ್ಯುತ್ತಮ ಕಾರು ಆಗಿಬಿಡುತ್ತೆ.

ಮೂರನೇದು, ಕೂತ ಜಾಗದ್ದು. ಸ್ಟೇರಿಂಗ್ ಹಿಡಿದವರಿಗೆ ಖರ್ಚು ನೆನಪಿರುತ್ತೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡ್ತಿದ್ದ ಕಾರುಗಳಿವು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಬಂಕ್ ಮುಂದೆ ಸಾಲು ನಿಂತವರು ಡ್ರೈವರ್ ಸೀಟಿನವರು. 1977ಕ್ಕೆ ಕ್ಯಾಡಿಲಾಕ್ ತಾನೇ ತನ್ನ ದೊಡ್ಡ ಕಾರುಗಳ ತೂಕ ನಾನೂರು ಕೆಜಿಯಷ್ಟು ಇಳಿಸಬೇಕಾಯ್ತು. ಹಿಂದಿನ ಸೀಟಿನ ಮಕ್ಕಳಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿರೋದು ಅಪ್ಪನ ಕುತ್ತಿಗೆ, ಸೀಟಿನ ವಾಸನೆ, ಕಿಟಕಿ.

ಈ ನೆನಪನ್ನ ದುಡ್ಡು ಮಾಡಿಕೊಳ್ಳೋಕೆ ಹೋದವರ ಕಥೆಯೂ ಇದೆ. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊದ ತೆರೆದ ಛಾವಣಿಯ ಮಾದರಿಯನ್ನ ಅಮೆರಿಕದ ಕೊನೆಯ ಕನ್ವರ್ಟಿಬಲ್ ಅಂತ ಮಾರಿದರು. 14 ಸಾವಿರ ಕಾರು. ಮುಂದೆ ಚಿನ್ನದ ಬೆಲೆ ಬರುತ್ತೆ ಅಂತ ಜನ ಕೊಂಡು ಓಡಿಸದೇ ಮುಚ್ಚಿಟ್ಟರು. 1984ಕ್ಕೆ ಅದೇ ಹೆಸರಲ್ಲಿ ಕನ್ವರ್ಟಿಬಲ್ ಮತ್ತೆ ಬಂತು! ಸಿಟ್ಟಾದ ಕೆಲವರು ಕೋರ್ಟ್ ಮೆಟ್ಟಿಲೂ ಹತ್ತಿದರು. ಓಡಿಸದ ಕಾರಿಗೆ ಕಿಲೋಮೀಟರೂ ಇಲ್ಲ, ಹೇಳಿಕೊಳ್ಳೋಕೆ ಕಥೆಯೂ ಇಲ್ಲ.

ಹಾಗಾದರೆ ಯಾವುದು ಮೇಲು?

ಕಾರು ಅಂತ ಮಾತ್ರ ನೋಡಿದರೆ ನನ್ನ ವೋಟು 1961ರ ಲಿಂಕನ್‌ಗೆ. ಎಲ್ಲರೂ ಹೆಚ್ಚು ಹೆಚ್ಚು ಸೇರಿಸ್ತಿದ್ದಾಗ ಬೇಡದ್ದನ್ನ ತೆಗೆದುಹಾಕೋ ಧೈರ್ಯ ಮಾಡಿತು, ಕಟ್ಟೋದರಲ್ಲೂ ಕಾಳಜಿ ಇತ್ತು. ಆದರೆ ಯಾವ ಕಾರು ಜನರ ಬದುಕಲ್ಲಿ ಹೆಚ್ಚು ಭಾರ ಹೊತ್ತಿತು ಅಂತ ಕೇಳಿದರೆ, ಕ್ಯಾಡಿಲಾಕ್. ಆ ಟೋಪಿ ನೋಡಿದ ಮೇಲೆ ಬೇರೆ ಉತ್ತರ ನನ್ನ ಬಾಯಿಗೆ ಬರ್ತಿಲ್ಲ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ: “ಅಜ್ಜನ ಹಳೇ ಕಾರೂ ಹೀಗೇ ತೇಲ್ತಿತ್ತು, ಅಲ್ವಾ? ಆಗುಂಬೆ ಘಾಟಿ ಇಳಿದಿದ್ದು ಗೊತ್ತೇ ಆಗ್ತಿರಲಿಲ್ಲ.” ಅಮ್ಮ ಒಂದು ಕ್ಷಣ ಸುಮ್ಮನಿದ್ದು, “ನಿನಗೆ ಗೊತ್ತಾಗ್ತಿರಲಿಲ್ಲ ಬಿಡು. ಎರಡು ಸಲ ನನ್ನ ಮಡಿಲಲ್ಲೇ ವಾಂತಿ ಮಾಡಿಕೊಂಡಿದ್ದೀಯ” ಅಂದಳು. ಆಮೇಲೆ ಅವಳೇ ಮುಂದುವರಿಸಿ ಅಜ್ಜ ಆ ಕಾರು ಮಾರಿದ ದಿನದ ಕಥೆ ಹೇಳಿದಳು. ಅದು ಯಾಕೆ ಮಾರಿದ್ದು ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅತ್ತೆಯ ಮದುವೆಗೆ ದುಡ್ಡು ಸಾಲದೇ ಮಾರಿದ್ದಂತೆ. ನಾನು ರೆಕಾರ್ಡರ್ ಆನ್ ಮಾಡೋದನ್ನ ಮರೆತಿದ್ದೆ.

ನೀವು ಮರೀಬೇಡಿ. ಹಳೇ ಕಾರುಗಳ ಸಾಲು ನೋಡೋ ಆಸೆ ಇದ್ದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಇದೆ. ಒಬ್ಬರೇ ಹೋಗಬೇಡಿ, ಮನೆಯ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ. ಯಾವ ಕಾರಿನ ಮುಂದೆ ಅವರ ಕಾಲು ನಿಲ್ಲುತ್ತೆ ನೋಡಿ, ಫೋನ್ ರೆಕಾರ್ಡರ್ ಒತ್ತಿ. ಮೈಲೇಜ್ ಎಷ್ಟಿತ್ತು ಅಂತ ಕೇಳಬೇಡಿ. ಯಾರು ಎಲ್ಲಿ ಕೂತಿದ್ದರು ಅಂತ ಕೇಳಿ. ಆಮೇಲೆ ಅದೇ ಪ್ರಶ್ನೆಯನ್ನ ಮನೆಯ ಇನ್ನೊಬ್ಬರಿಗೂ ಕೇಳಿ. ಎರಡು ಉತ್ತರ ಹೊಂದಲಿಲ್ಲ ಅಂದರೆ ಗಾಬರಿ ಬೇಡ, ಎರಡನ್ನೂ ಇಟ್ಟುಕೊಳ್ಳಿ.

ಮುಂದಿನ ವಾರ ಮತ್ತೆ ಸಿಗೋಣ. ಸಿಗ್ನಲ್ ಬಿಟ್ಟಿರಬೇಕು, ಹುಷಾರಾಗಿ ಹೋಗಿ. ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸಿ. ನಮಸ್ಕಾರ.